ಕಿಟಕಿ ಸೀಟು ರಿವ್ಯೂ: ಶಿವಮೊಗ್ಗ–ಬೆಂಗಳೂರು ಎಟಿಆರ್‌ನಲ್ಲಿ ಯಾವ ಕಡೆ ಕೂತ್ರೆ ಏನ್ ಕಾಣ್ತತೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಸ್ಯಾಂಡ್‌ವಿಚ್ ಹೆಂಗಿತ್ತು, ಕಾಲು ಚಾಚೋಕೆ ಜಾಗ ಎಷ್ಟಿತ್ತು ಅನ್ನೋ ರಿವ್ಯೂ ಅಲ್ಲ, ಬರೀ ಕಿಟಕಿ ರಿವ್ಯೂ. ನಮ್ಮ ದಾವಣಗೆರೆಲಿ ಏರ್‌ಪೋರ್ಟ್ ಇಲ್ಲ, ವಿಮಾನ ಹತ್ತಬೇಕು ಅಂದ್ರೆ ಹುಬ್ಬಳ್ಳಿಗೆ ಹೋಗ್ಬೇಕಿತ್ತು ಇಲ್ಲ ಬೆಂಗಳೂರಿಗೆ ಹೋಗ್ಬೇಕಿತ್ತು, 2023ರ ಫೆಬ್ರವರಿಲಿ ಸೋಗಾನೆಲಿ ಶಿವಮೊಗ್ಗ ಏರ್‌ಪೋರ್ಟ್ ಓಪನ್ ಆದ್ಮೇಲೆ ಹೊನ್ನಾಳಿ ಮೇಲೆ ಹಾದು ಅಲ್ಲಿಗೆ ಹೋಗೋ ಮೂರನೇ ದಾರಿ ಸಿಕ್ತು. ಟೈಮ್ ಲೆಕ್ಕ ಹಾಕಿದ್ರೆ ಬರೀ ಬೆಂಗಳೂರಿಗೆ ಹೋಗೋರಿಗೆ ಇದು ಲಾಭದ ಬಾಬತ್ತಲ್ಲ, ಸುಮ್ನೆ ಸ್ಟೇಷನ್‌ಗೆ ಹೋಗಿ ವಂದೇ ಭಾರತ್ ಹತ್ತೋದೇ ವಾಸಿ. ಬೆಂಗಳೂರಿಂದ ಮುಂದೆ ಇನ್ನೊಂದು ವಿಮಾನ ಹಿಡಿಯೋರಿಗೆ ಸರಿ, ಆಮೇಲೆ ನಮ್ಮ ಸೀಮೆ ಮೇಲಿಂದ ಹೆಂಗೆ ಕಾಣ್ತತೆ ಅಂತ ನೋಡೋ ಆಸೆ ಇರೋರಿಗೆ ಇದಕ್ಕಿಂತ ಒಳ್ಳೆ ವಿಮಾನ ನಮ್ಮ ಕಡೆ ಇನ್ನೊಂದಿಲ್ಲ.

ಇಂಡಿಗೋದವ್ರು 2023 ಆಗಸ್ಟ್ 31ಕ್ಕೆ ಈ ರೂಟು ಶುರು ಮಾಡಿದ್ರು, ಎಟಿಆರ್ 72 ಅನ್ನೋ ಪ್ರೊಪೆಲ್ಲರ್ ವಿಮಾನ. ಜನಕ್ಕೆ ಇದರ ಮೇಲೆ ಸುಮ್ಸುಮ್ನೆ ತಾತ್ಸಾರ. "ಅಯ್ಯೋ ಫ್ಯಾನಿನ ವಿಮಾನನಾ" ಅಂತಾರೆ. ನೋಟದ ವಿಷಯಕ್ಕೆ ಬಂದ್ರೆ ಈ ಫ್ಯಾನಿನ ವಿಮಾನನೇ ದೊಡ್ಡ ಜೆಟ್ಟಿಗಿಂತ ಎಷ್ಟೋ ಮೇಲು, ಕಾರಣ ಸಿಂಪಲ್ಲು, ಎಟಿಆರ್‌ನಲ್ಲಿ ರೆಕ್ಕೆ ಕಿಟಕಿಗಿಂತ ಮೇಲೆ ಇರ್ತತೆ. ಏರ್‌ಬಸ್ ಎ320, ಬೋಯಿಂಗ್ 737 ಎಲ್ಲದ್ರಲ್ಲೂ ರೆಕ್ಕೆ ಕೆಳಗೆ, ಹಾಗಾಗಿ ಮಧ್ಯದ ಹತ್ತು ಹನ್ನೊಂದು ಸಾಲಿನೋರು ಇಡೀ ದಾರಿ ರೆಕ್ಕೆ ಮೇಲಿನ ರಿವೆಟ್ ಎಣಿಸ್ತಾ ಕೂರ್ಬೇಕು. ಎಟಿಆರ್‌ನಲ್ಲಿ ಎಲ್ಲಿ ಕೂತ್ರೂ ಕೆಳಗಿನ ನೆಲ ಪೂರ್ತಿ ನಿಮ್ದೇ, ಮೇಲಿಂದ ರೆಕ್ಕೆ ನೆರಳು ಬೇರೆ ಕೊಡ್ತತೆ.

ಇನ್ನೊಂದು, ಇದು ಜಾಸ್ತಿ ಎತ್ತರಕ್ಕೆ ಹೋಗಲ್ಲ. ಎಟಿಆರ್‌ಗೆ ಹಾರೋಕೆ ಸಾಧ್ಯ ಇರೋ ಎತ್ತರನೇ 25,000 ಅಡಿ, ಇಂಥ ಗೇಣುದ್ದ ದಾರಿಗೆ ಅಷ್ಟೂ ಏರೋ ಅವಶ್ಯಕತೆನೂ ಬರಲ್ಲ. ಜೆಟ್ಟು 35,000 ಅಡಿಗೆ ಹೋಗಿ ಗಂಟೆಗೆ 800 ಕಿಲೋಮೀಟರ್ ಮೇಲೆ ಓಡ್ತತೆ, ಇದು 500ರ ಆಸುಪಾಸಲ್ಲಿ ಹೋಗ್ತತೆ. ಲೆಕ್ಕದ ಪ್ರಕಾರ 35,000 ಅಡಿಯಿಂದ ದಿಗಂತ ಸುಮಾರು 370 ಕಿಲೋಮೀಟರ್ ದೂರ, 15,000 ಅಡಿಯಿಂದ ಸುಮಾರು 240. ಅಂದ್ರೆ ಜೆಟ್ಟಲ್ಲಿ ದೂರ ಜಾಸ್ತಿ ಕಾಣ್ತತೆ ನಿಜ, ಆದ್ರೆ ಆ ದೂರದಲ್ಲಿ ಏನು ನೋಡ್ತೀರಿ, ಬರೀ ಮಬ್ಬು. ಕೆಳಗೆ ಹಾರಿದ್ರೆ ಕೆರೆ ಏರಿ, ಗುಡಿ ಗೋಪುರ, ಹೊಲದ ಬದು, ಹೈವೇಲಿ ಸಾಲಾಗಿ ಹೋಗೋ ಲಾರಿ, ಎಲ್ಲ ಗುರುತು ಸಿಗ್ತತೆ.

ಸರಿ, ಈಗ ಎಡನಾ ಬಲನಾ. ಸೀಟ್ ಮ್ಯಾಪ್‌ನಲ್ಲಿ ಎ ಅಂದ್ರೆ ಮುಂದಕ್ಕೆ ಮುಖ ಮಾಡಿ ಕೂತಾಗ ಎಡಗಡೆ ಕಿಟಕಿ, ಎಫ್ ಅಂದ್ರೆ ಬಲಗಡೆ ಕಿಟಕಿ. ಎಟಿಆರ್‌ನಲ್ಲಿ ಈ ಕಡೆ ಎರಡು ಆ ಕಡೆ ಎರಡು ಸೀಟು, ಎ ಸಿ ಡಿ ಎಫ್ ಅಂತ, ನಡುವೆ ಸಿಕ್ಕಾಕ್ಕೊಂಡು ಕೂರೋ ಸೀಟೇ ಇಲ್ಲ. ಎಲ್ರೂ ಕಿಟಕಿ ಸಿಕ್ರೆ ಸಾಕು ಅಂತ ಯಾವುದೋ ಒಂದು ಒತ್ತಿ ಬಿಡ್ತಾರೆ. ನಮ್ಮ ಟ್ರಾವೆಲ್ ಏಜೆಂಟೂ ಅಷ್ಟೇ, "ಅಣ್ಣಾ ವಿಂಡೋ ಹಾಕ್ಲಾ" ಅಂತಾನೆ, ಯಾವ ಕಡೆ ವಿಂಡೋನಪ್ಪ ಅಂತ ಕೇಳಿದ್ರೆ ಮುಖ ನೋಡ್ತಾನೆ. ವಿಷಯ ಇರೋದೇ ಅಲ್ಲಿ. ನನ್ನ ಪ್ರಕಾರ ಮೊದ್ಲು ನೋಡ್ಬೇಕಾಗಿದ್ದು ಸೂರ್ಯ ಯಾವ ಕಡೆ ಇರ್ತಾನೆ ಅಂತ, ಆಮೇಲೆ ರೆಕ್ಕೆ, ಆಮೇಲೆ ಊರು ಕೇರಿ ಬೆಟ್ಟ ಎಲ್ಲ. ಸೂರ್ಯನ ಕಡೆ ಕಿಟಕಿಲಿ ಕೂತ್ರೆ ಗಾಜಿನ ಮೇಲಿರೋ ಗೀರೆಲ್ಲ ಹೊಳೆಯೋಕೆ ಶುರುವಾಗಿ ಆಚೆ ಬರೀ ಬೆಳ್ಳಗೆ ಕಾಣ್ತತೆ, ಗುಡ್ಡ ಎಲ್ಲ ಕಪ್ಪಗೆ, ಬಣ್ಣನೇ ಇರಲ್ಲ, ಫೋಟೋನೂ ಬರಲ್ಲ. ಸೂರ್ಯ ಬೆನ್ನಿಗೆ ಇದ್ರೆ ಅದೇ ಗುಡ್ಡ, ಅದೇ ಕೆರೆ, ತೊಳೆದಿಟ್ಟಂಗೆ ಕಾಣ್ತವೆ.

ನಮ್ಮ ದೇಶದಲ್ಲಿ ಸೂರ್ಯ ವರ್ಷದಲ್ಲಿ ಬಹಳ ತಿಂಗಳು ದಕ್ಷಿಣಕ್ಕೇ ವಾಲಿರ್ತಾನೆ, ಅದ್ರಲ್ಲೂ ದಸರಾ ಆದ್ಮೇಲಿಂದ ಶಿವರಾತ್ರಿ ತನಕ ಚೆನ್ನಾಗೇ ವಾಲಿರ್ತಾನೆ. ಹಾಗಾಗಿ ಪೂರ್ವ ಪಶ್ಚಿಮ ಹಾರೋ ವಿಮಾನ ಆದ್ರೆ ಕಣ್ಮುಚ್ಚಿ ಉತ್ತರದ ಕಡೆ ಕಿಟಕಿ ತಗೊಳ್ರಿ. ಪೂರ್ವಕ್ಕೆ ಹೋಗೋದಾದ್ರೆ ಉತ್ತರ ಎಡಗಡೆ ಬರ್ತತೆ, ಪಶ್ಚಿಮಕ್ಕಾದ್ರೆ ಬಲಗಡೆ. ಉತ್ತರ ದಕ್ಷಿಣ ಹಾರೋ ವಿಮಾನ ಆದ್ರೆ ಬೆಳಿಗ್ಗೆ ಪಶ್ಚಿಮದ ಕಿಟಕಿ, ಸಾಯಂಕಾಲ ಪೂರ್ವದ ಕಿಟಕಿ. ಸೂರ್ಯ ಮುಳುಗೋದನ್ನೇ ನೋಡ್ಬೇಕು ಅನ್ನೋರಿಗೆ ಮಾತ್ರ ಉಲ್ಟಾ. ಮೇ ಜೂನ್‌ನಲ್ಲಿ ನಮ್ಮ ದಾವಣಗೆರೆ ಚಿತ್ರದುರ್ಗಕ್ಕೆ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕೇ ಹೋಗಿರ್ತಾನೆ, ಆ ಟೈಮಲ್ಲಿ ಈ ಲೆಕ್ಕ ಅಷ್ಟು ನಡೆಯಲ್ಲ, ಆದ್ರೆ ಆಗ ಧೂಳು ಮೋಡದಲ್ಲಿ ನೋಡೋಕೂ ಏನೂ ಇರಲ್ಲ ಬಿಡ್ರಿ.

ಈ ಲೆಕ್ಕ ಶಿವಮೊಗ್ಗ ವಿಮಾನಕ್ಕೆ ಹಾಕಿ. ಸೋಗಾನೆಯಿಂದ ದೇವನಹಳ್ಳಿಗೆ ನೇರ ಗೆರೆ ಎಳೆದ್ರೆ ಹತ್ರಹತ್ರ 240 ಕಿಲೋಮೀಟರು, ತರೀಕೆರೆ, ಅಜ್ಜಂಪುರ, ಹೊಸದುರ್ಗದ ದಕ್ಷಿಣ, ಹುಳಿಯಾರು, ತುಮಕೂರಿನ ಮೇಲ್ಗಡೆ ಹಿಂಗೆ ಪೂರ್ವಕ್ಕೆ ಸ್ವಲ್ಪ ದಕ್ಷಿಣಕ್ಕೆ ಇಳೀತಾ ಹೋಗ್ತತೆ. ವಿಮಾನ ಗೆರೆ ಹಿಡಿದು ಹಾರಲ್ಲ, ಎಟಿಸಿಯವ್ರು, ಅಂದ್ರೆ ಕೆಳಗಿಂದ ವಿಮಾನಕ್ಕೆ ದಾರಿ ಹೇಳೋರು, ಆ ಕಡೆ ಈ ಕಡೆ ತಿರುಗಿಸ್ತಾರೆ, ಆದ್ರೂ ಅಂದಾಜಿಗೆ ಸಾಕು. ಬೆಂಗಳೂರಿಗೆ ಹೋಗುವಾಗ ಎಡಗಡೆ, ಅಂದ್ರೆ ಎ ಸೀಟಿಗೆ, ನಮ್ಮ ದಾವಣಗೆರೆ ಚಿತ್ರದುರ್ಗ ಸೀಮೆ. ಬಲಗಡೆ ಎಫ್‌ಗೆ ಭದ್ರಾ ಡ್ಯಾಮು, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ. ಬರುವಾಗ ಎಲ್ಲ ಉಲ್ಟಾ, ನಮ್ಮೂರು ಎಫ್‌ಗೆ, ಮಲೆನಾಡು ಎ ಗೆ.

ನಾನು ನಮ್ಮವ್ವನ್ನ ಕರ್ಕೊಂಡು ಹೋದಾಗ ಅವ್ವಂಗೆ ಎ, ನಂಗೆ ಪಕ್ಕದ ಸಿ. ದೀಪಾವಳಿ ಆದ್ಮೇಲಿನ ದಿನಗಳು, ಮಳೆ ಬಿಟ್ಟು ಗಾಳಿ ತಿಳಿಯಾಗಿತ್ತು. ಏರ್ತಾ ಇದ್ದಂಗೇ ಎಡಗಡೆ ಹಿಂದೆ ಕೂಡ್ಲಿ ಕಡೆ ತುಂಗೆ ಭದ್ರೆ ಎರಡೂ ಬಂದು ಸೇರೋದು, ಅಲ್ಲಿಂದ ಮುಂದೆ ಒಂದೇ ಹೊಳೆಯಾಗಿ ಹೊನ್ನಾಳಿ ಕಡೆ ತಿರುಗೋದು ಕಾಣ್ತು. ಅವ್ವ ಮೊದ್ಲು ಹತ್ತು ನಿಮಿಷ ಸೀಟಿನ ಕೈ ಗಟ್ಟಿ ಹಿಡ್ಕೊಂಡು ದೇವರ ಹೆಸರು ಹೇಳ್ತಾ ಇದ್ದೋಳು ಆಮೇಲೆ ಕಿಟಕಿಗೆ ಹಣೆ ಹಚ್ಚಿದ್ದು ಬೆಂಗಳೂರು ಬರೋವರೆಗೂ ತೆಗೀಲಿಲ್ಲ.

ಚನ್ನಗಿರಿ ಕಡೆ ಅಡಿಕೆ ತೋಟ ಕಪ್ಪು ಹಸಿರು, ಒತ್ತೊತ್ತಾಗಿ, ಅಂಚು ಕತ್ರಿಸಿದಂಗೆ. ಭದ್ರಾ ನಾಲೆ ನೀರು ಹೋದಲ್ಲೆಲ್ಲ ಭತ್ತದ ಗದ್ದೆ ತಿಳಿ ಹಸಿರು. ನಾಲೆ ಮುಟ್ಟದ ಮೇಲ್ಭಾಗದಲ್ಲಿ ಮೆಕ್ಕೆಜೋಳ ಕೊಯ್ದು ಬಿಟ್ಟ ಕೆಂಪು ನೆಲ. ಈ ಮೂರು ಬಣ್ಣ ಕೂಡೋ ಅಂಚನ್ನ ನೋಡಿದ್ರೆ ನಾಲೆ ಎಲ್ಲಿಗೆ ನಿಲ್ತು ಅಂತ ಬೆರಳಿಟ್ಟು ತೋರಿಸ್ಬಹುದು, ಅಚ್ಚುಕಟ್ಟು ಅಂತ ಪೇಪರಲ್ಲಿ ಓದ್ತೀವಲ್ಲ ಅದು ಇಲ್ಲಿ ಕಣ್ಣಿಗೆ ಕಾಣ್ತತೆ. ಅವ್ವ ರೈತರ ಮನೆ ಮಗಳು, "ಆ ಕಡೇರಿಗೆ ನೀರು ಮುಟ್ಟಿಲ್ಲ ನೋಡು" ಅಂದ್ಲು, ಟೇಲ್ ಎಂಡ್ ಜಗಳ ಮೇಲಿಂದಾನೂ ಗೊತ್ತಾಗ್ತತೆ. ಆಮೇಲೆ ಸೂಳೆಕೆರೆ. ಶಾಂತಿಸಾಗರ ಅಂತ ಬೋರ್ಡಲ್ಲಿ ಬರೆದಿದ್ರೂ ನಮ್ಮ ಬಾಯಲ್ಲಿ ಅದು ಸೂಳೆಕೆರೆನೇ. ನಮ್ಮೂರ ಕುಡಿಯೋ ನೀರಿಗೆ ಅದರ ಹೆಸರು ಕೇಳಿ ಬೆಳೆದೋರು ನಾವು, ಏರಿ ಮೇಲೆ ನಿಂತಾಗ ನೀರು ಎಲ್ಲಿ ಮುಗೀತದೆ ಅಂತ ಗೊತ್ತಾಗಲ್ಲ, ಮೇಲಿಂದ ನೋಡಿದ್ರೆ ಇಷ್ಟೊಂದು ನೀರನ್ನ ತಡೆದಿರೋದು ಗುಡ್ಡದ ಸಂದಿಗೆ ಅಡ್ಡ ಹಾಕಿರೋ ಅಷ್ಟು ಚಿಕ್ಕ ಏರಿನಾ ಅಂತ ಆಶ್ಚರ್ಯ ಆಗ್ತತೆ.

ಇದೇ ಕಥೆ ವಾಣಿವಿಲಾಸ ಸಾಗರದ್ದು. ಹಿರಿಯೂರಿನ ಮಾರಿಕಣಿವೆ, ವೇದಾವತಿಗೆ ಮೈಸೂರು ಮಹಾರಾಜರ ಕಾಲದಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ಡ್ಯಾಮು. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಆಗ ಊರೂರಿಂದ ಜನ ಬಂಡಿ ಕಟ್ಕೊಂಡು ಹೋದಂಗೆ ಹೋಗಿ ನೋಡಿ ಬಂದಿದ್ರು. ಈ ರೂಟಲ್ಲಿ ಅದು ಎಡಗಡೆ ಮೂವತ್ತು ನಲವತ್ತು ಕಿಲೋಮೀಟರ್ ದೂರಕ್ಕೆ ಬರ್ತತೆ, ಗುಡ್ಡಗಳ ನಡುವೆ ಕೈ ಕಾಲು ಚಾಚಿದ ನೀರು, ತಪ್ಪಿಸ್ಕೊಳ್ಳೋಕೆ ಸಾಧ್ಯ ಇಲ್ಲ. ಅದಕ್ಕೆ ಸ್ವಲ್ಪ ಮುಂಚೆ ಹೊಸದುರ್ಗದ ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು. ಹೈವೇಲಿ ನಿಂತು ನೋಡಿದ್ರೆ ಕತ್ತು ನೋಯೋ ಅಷ್ಟು ಎತ್ತರ ಇರೋವು ಮೇಲಿಂದ ಬೆಳ್ಳಗೆ ಗುಂಡುಸೂಜಿ ಅಷ್ಟೇ, ಆದ್ರೆ ಅವುಗಳ ನೆರಳು ಮಾತ್ರ ನೆಲದ ಮೇಲೆ ಉದ್ದಕ್ಕೆ ಬಿದ್ದಿರ್ತತೆ, ಬೆಳಿಗ್ಗೆ ವಿಮಾನ ಆದ್ರೆ ಫ್ಯಾನಿಗಿಂತ ಮೊದ್ಲು ನೆರಳೇ ಕಣ್ಣಿಗೆ ಬೀಳೋದು.

ಚಿತ್ರದುರ್ಗದ ಕೋಟೆ ಕಾಣ್ತದಾ ಅಂತ ಕೇಳೋರಿಗೆ, ಇಲ್ರಿ, ಆಸೆ ಇಟ್ಕೋಬೇಡ್ರಿ. ಅರವತ್ತು ಕಿಲೋಮೀಟರ್ ಮೇಲೆ ದೂರ ಉಳೀತತೆ, ಗುಡ್ಡದ ಸಾಲು ಇದೇ ಕಡೆ ಅಂತ ಅಂದಾಜು ಮಾಡಬಹುದು ಅಷ್ಟೇ, ಏಳು ಸುತ್ತು ಎಣಿಸೋಕೆ ಅಲ್ಲಿಗೇ ಹತ್ತಬೇಕು.

ಬಲಗಡೆ ಎಫ್ ಬಗ್ಗೆ ಜಾಸ್ತಿ ಬರೆಯಲ್ಲ, ಭದ್ರಾ ಹಿನ್ನೀರು ಚೆನ್ನಾಗೈತೆ, ಲಕ್ಕವಳ್ಳಿ ಕಾಡಿನ ನಡುವೆ ದ್ವೀಪಗಳು ಕಾಣ್ತವೆ, ಆದ್ರೆ ಬೆಳಗಿನ ಹೊತ್ತು ಆ ಕಡೆ ಸೂರ್ಯ, ಜೊತೆಗೆ ಘಟ್ಟದ ಮೇಲೆ ಯಾವಾಗ್ಲೂ ಒಂದು ಹಾಸು ಮೋಡ. ಮುಳ್ಳಯ್ಯನಗಿರಿ 1,930 ಮೀಟರು, ರಾಜ್ಯದಲ್ಲೇ ಎತ್ತರದ ಶಿಖರ ಅಂತ ಬಸ್ಸಲ್ಲಿ ಹೋಗಿ ಬೀಗಿ ಬರ್ತೀವಿ, ವಿಮಾನದಿಂದ ಮೋಡ ಕವಿದ ಸಾಲಲ್ಲಿ ಅದು ಯಾವುದು ಅಂತ ಹುಡುಕೋದೇ ಒಂದು ಕೆಲಸ. ಮಲೆನಾಡೇ ಬೇಕು ಅನ್ನೋರು ಎಫ್ ತಗೊಳ್ರಿ, ನನ್ನ ಓಟು ಎ ಗೆ.

ಇನ್ನು ಸಾಲು. ಎಟಿಆರ್‌ಗೆ ಹತ್ತೋದು ಹಿಂದಿನ ಬಾಗಿಲಿಂದ, ಮುಂದೆ ಲಗೇಜ್ ರೂಮು. ಅದಕ್ಕೇ ಮುಂದಿನ ಸಾಲು ಅಂದ್ರೆ ಮೊದ್ಲು ಇಳೀಬಹುದು ಅಂತ ಹೆಚ್ಚು ದುಡ್ಡು ಕೊಟ್ಟು ತಗೊಂಡೋರು ಕೊನೆಗೆ ಇಳೀತಾರೆ, ನೋಡೋಕೆ ಮಜಾ. ಮುಂದಿನ ಕೆಲವು ಸಾಲುಗಳ ಪಕ್ಕಕ್ಕೇ ಪ್ರೊಪೆಲ್ಲರ್ ಬರ್ತತೆ, ಆರು ಎಲೆಯ ಫ್ಯಾನು, ಗುಂಯ್ ಅನ್ನೋ ಸದ್ದು ಹಲ್ಲಿಗೆ ನಾಟ್ತತೆ. ಕಣ್ಣಿಗೆ ತಿರುಗೋದು ಕಾಣದೇ ಇದ್ರೂ ಮೊಬೈಲಲ್ಲಿ ವಿಡಿಯೋ ಮಾಡಿದ್ರೆ ಎಲೆಗಳು ಬಾಳೆಹಣ್ಣಿನಂಗೆ ಸೊಟ್ಟ ಬಂದು ತೇಲ್ತಾವೆ, ಕ್ಯಾಮೆರಾ ಸೆನ್ಸರ್ ಚಿತ್ರನ ಒಂದೊಂದೇ ಸಾಲಾಗಿ ಓದೋದ್ರಿಂದ ಹಂಗೆ, ಮಕ್ಕಳಿಗೆ ಖುಷಿ. ಮಧ್ಯದ ಸಾಲಲ್ಲಿ ಕೂತ್ರೆ ಎಂಜಿನ್ ಡಬ್ಬ ಮುಂದಿನ ನೋಟಕ್ಕೆ ಸ್ವಲ್ಪ ಅಡ್ಡ ಬರ್ತತೆ, ಆದ್ರೆ ಅಲ್ಲಿ ಇನ್ನೊಂದು ಆಟ ಐತೆ.

ಚಕ್ರ ಇಳಿಯೋದು. ಜೆಟ್ಟಲ್ಲಿ ಚಕ್ರ ಇಳಿದಿದ್ದು ಬರೀ ಕಿವಿಗೆ ಗೊತ್ತಾಗೋದು, ಧಡ್ ಅಂತ ಶಬ್ದ ಅಷ್ಟೇ. ಎಟಿಆರ್‌ನಲ್ಲಿ ಹೊಟ್ಟೆ ಪಕ್ಕದ ಬಾಗಿಲು ತೆಗೆದು ಎರಡು ಚಕ್ರದ ಕಾಲು ನಿಮ್ಮ ಕಿಟಕಿ ಕೆಳಗೇ ಹೊರಗೆ ಬಂದು ನೆಟ್ಟಗೆ ನಿಲ್ತತೆ. ದೇವನಹಳ್ಳಿ ಹತ್ರ ಬಂದಂಗೆ ಕೆಳಗೆ ದ್ರಾಕ್ಷಿ ಚಪ್ಪರ, ಪಾಲಿಹೌಸ್, ಲೇಔಟ್ ರಸ್ತೆ ಎಲ್ಲ ಸರೀತಾ ಇರ್ತತೆ, ಅದರ ಮೇಲೆ ಈ ಚಕ್ರ ಅಲ್ಲಾಡದೇ ನಿಂತಿರ್ತತೆ, ರನ್‌ವೇ ಬಿಳಿ ಗೆರೆ ಬರ್ತತೆ, ವಿಮಾನದ ನೆರಳು ಎಲ್ಲಿಂದಲೋ ಓಡಿ ಬಂದು ಚಕ್ರಕ್ಕೆ ಅಂಟ್ಕೊಳ್ತತೆ, ಆ ಕ್ಷಣಕ್ಕೇ ಪುಸ್ ಅಂತ ಒಂದು ಹಿಡಿ ಹೊಗೆ ಎದ್ದು ನಿಂತಿದ್ದ ಚಕ್ರ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗೋಕೆ ಶುರು. ಟಿಕೆಟ್ ದುಡ್ಡಲ್ಲಿ ಅರ್ಧ ಇದಕ್ಕೇ ವಸೂಲಿ ಅಂತೀನಿ ನಾನು. ಸದ್ದು ಬೇಡ, ಅಡ್ಡಿ ಇಲ್ಲದ ನೋಟ ಬೇಕು ಅನ್ನೋರು ಹಿಂದಿನ ಸಾಲುಗಳು, ಹದಿನಾಲ್ಕರಿಂದ ಆಚೆ ನೋಡ್ರಿ, ಅಲ್ಲಿ ಸೀಟಿನ ರೇಟೂ ಸಾಮಾನ್ಯವಾಗಿ ಕಮ್ಮಿ, ಇಳಿಯೋದೂ ಮೊದ್ಲು.

ಕಷ್ಟಗಳೂ ಅವೆ. ಎಟಿಆರ್ ತಲೆ ಮೇಲಿನ ಲಗೇಜ್ ಗೂಡು ಸಣ್ಣದು, ಜೆಟ್ಟಲ್ಲಿ ಹಿಡಿಯೋ ಟ್ರಾಲಿ ಬ್ಯಾಗು ಇಲ್ಲಿ ಹಿಡಿಯಲ್ಲ, ಬಾಗಿಲಲ್ಲೇ ಇಸ್ಕೊಂಡು ಕೆಳಗೆ ಹಾಕ್ತಾರೆ. ಮಧ್ಯಾಹ್ನದ ಬಿಸಿಲಿಗೆ ಕುಲುಕಾಟ ಜಾಸ್ತಿ, ಚಿತ್ರದುರ್ಗ ತುಮಕೂರಿನ ಬಂಡೆ ನೆಲ ಕಾದು ಬಿಸಿ ಗಾಳಿ ಮೇಲೇಳ್ತತೆ, ಕೆಳಗೆ ಹಾರೋ ವಿಮಾನಕ್ಕೆ ಅದೆಲ್ಲ ತಗಲ್ತತೆ, ಹೊಟ್ಟೆ ತುಂಬ ಬೆಣ್ಣೆದೋಸೆ ತಿಂದು ಹತ್ತಬೇಡ್ರಿ. ಆಮೇಲೆ ವೇಳಾಪಟ್ಟಿ ಆಗಾಗ ಬದಲಾಗ್ತಾ ಇರ್ತತೆ, ಊರಿಂದ ಹೊರಡೋಕೆ ಮುಂಚೆ ಒಮ್ಮೆ ಆ್ಯಪ್ ನೋಡ್ಕೊಳ್ಳೋದು ಒಳ್ಳೇದು.

ಈಗ ದೊಡ್ಡ ಜೆಟ್ಟಿನ ವಿಷಯ, ಯಾಕಂದ್ರೆ ಮುಂದಿನ ಪ್ರಯಾಣ ಅದರಲ್ಲೇ ತಾನೆ. ಇಲ್ಲೇ ನಂಗೆ ಉರಿ ಹತ್ತಿದ್ದು. ಒಂದು ಕಂಪನಿ, ಹೆಸರು ಬೇಡ, ಕಿಟಕಿ ಸೀಟು ಅಂತ ಎಕ್ಸ್ಟ್ರಾ ದುಡ್ಡು ಇಸ್ಕೊಂಡ್ರು, ಹೋಗಿ ಕೂತ್ರೆ ನನ್ನ ಭುಜದ ಪಕ್ಕ ಬರೀ ಪ್ಲಾಸ್ಟಿಕ್ ಗೋಡೆ. ಮುಂದಿನ ಸೀಟಿನೋನ ಕಿಟಕಿ ಅರ್ಧ, ಹಿಂದಿನೋನ ಕಿಟಕಿ ಅರ್ಧ, ನಡುವೆ ನಾನು. ಕೇಳಿದ್ರೆ ಏರ್‌ಹೋಸ್ಟೆಸ್ ಹುಡುಗಿ ಪಾಪ ನಗ್ತಾ "ಸರ್ ಇದು ವಿಂಡೋ ಸೀಟೇ ಸರ್" ಅಂತ ಮ್ಯಾಪ್ ತೋರಿಸಿದ್ಲು. ಇದಕ್ಕೆ ಕಾರಣ ಹುಡುಕಿ ನೋಡಿದ್ರೆ ಬಹಳ ಸಣ್ಣ ಲೆಕ್ಕ: ಎ320ರಲ್ಲಿ ಕಿಟಕಿಯಿಂದ ಕಿಟಕಿಗೆ ಸುಮಾರು 53 ಸೆಂಟಿಮೀಟರು, ಅದು ವಿಮಾನದ ಪಕ್ಕೆಲುಬು ಇರೋ ಅಂತರ, ಫ್ಯಾಕ್ಟರಿಲೇ ಫಿಕ್ಸು. ಸೀಟಿಂದ ಸೀಟಿಗೆ ಎಷ್ಟು ಅನ್ನೋದು ಕಂಪನಿ ಇಷ್ಟ, ಸಾಮಾನ್ಯವಾಗಿ 71ರಿಂದ 76 ಸೆಂಟಿಮೀಟರು. ಎರಡು ಅಳತೆ ಹೊಂದದೇ ಇದ್ಮೇಲೆ ಕೆಲವು ಸಾಲಿಗೆ ಎರಡು ಕಿಟಕಿ ಸಿಗ್ತತೆ, ಕೆಲವಕ್ಕೆ ಗೋಡೆ. ಬೋಯಿಂಗ್ 737ರಲ್ಲಂತೂ ಎಸಿ ಗಾಳಿಯ ಪೈಪು ಮೇಲೆ ಹೋಗೋ ಜಾಗದಲ್ಲಿ ಕಿಟಕಿನೇ ಇಟ್ಟಿರಲ್ಲ, ರೆಕ್ಕೆಗೆ ಸ್ವಲ್ಪ ಮುಂದಿನ ಸಾಲುಗಳಲ್ಲಿ. ಸೀಟ್ ಮ್ಯಾಪ್‌ನಲ್ಲಿ ಇದೆಲ್ಲ ತೋರಿಸಲ್ಲ, ದುಡ್ಡು ಮಾತ್ರ ಎಲ್ಲದಕ್ಕೂ ಒಂದೇ.

ಇದಕ್ಕೆ ಮದ್ದು ಏರೋಲೋಪಾ ಅನ್ನೋ ವೆಬ್‌ಸೈಟು. ಕಂಪನಿ ಹೆಸರು, ವಿಮಾನದ ಮಾಡೆಲ್ಲು ಒತ್ತಿದ್ರೆ ಸೀಟೂ ಕಿಟಕಿನೂ ಅಳತೆ ಸಮೇತ ಗೆರೆ ಹಾಕಿ ತೋರಿಸ್ತತೆ, ಯಾವ ಸೀಟಿನ ಪಕ್ಕ ಎಷ್ಟು ಕಿಟಕಿ ಅಂತ ಸ್ಪಷ್ಟ. ಇದಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು. ಇನ್ನೊಂದು ಫ್ಲೈಟ್‌ರಾಡಾರ್24, ಅದ್ರಲ್ಲಿ ನೀವು ಹೋಗೋ ವಿಮಾನದ ನಂಬರ್ ಹಾಕಿದ್ರೆ ನಿನ್ನೆ ಮೊನ್ನೆ ಅದು ಯಾವ ದಾರಿಲಿ ಹೋಯ್ತು ಅಂತ ಮ್ಯಾಪ್ ಮೇಲೆ ಬರ್ತತೆ, ನದಿ ಯಾವ ಕಡೆ, ಊರು ಯಾವ ಕಡೆ ಅಂತ ಮನೇಲೇ ಕೂತು ತೀರ್ಮಾನ ಮಾಡಬಹುದು. ಫ್ರೀ ಅಕೌಂಟೇ ಸಾಕು.

ಎ320ರಲ್ಲಿ ಸಾಲು ಹೇಳೋದಾದ್ರೆ ಹೆಚ್ಚುಕಮ್ಮಿ ಒಂಬತ್ತರಿಂದ ಇಪ್ಪತ್ತರ ತನಕ ರೆಕ್ಕೆ ಅಂತ ತಿಳ್ಕೊಳ್ರಿ. ನಾಲ್ಕರಿಂದ ಏಳು ಅತ್ಯುತ್ತಮ, ರೇಟೂ ಹಂಗೇ. ಇಪ್ಪತ್ನಾಲ್ಕರ ಆಚೆ ರೆಕ್ಕೆ ಅಡ್ಡ ಬರಲ್ಲ, ಆದ್ರೆ ಮುಂದಕ್ಕೆ ನೋಡಿದ್ರೆ ಎಂಜಿನ್ ಬಿಸಿ ಗಾಳಿಗೆ ಆಚೆಯ ನೋಟ ಅಲ್ಲಾಡ್ತತೆ, ಫೋಟೋ ಮಂಜಾಗ್ತತೆ, ಸ್ವಲ್ಪ ಹಿಂದಕ್ಕೆ ತಿರುಗಿ ತೆಗೀಬೇಕು. ಎಮರ್ಜೆನ್ಸಿ ಎಕ್ಸಿಟ್ ಸಾಲು ಕಾಲಿಗೆ ಸ್ವರ್ಗ, ಕಣ್ಣಿಗೆ ಬರೀ ರೆಕ್ಕೆ. ಸ್ಟಾರ್ ಏರ್‌ನವ್ರ ಎಂಬ್ರೇಯರ್ 175 ವಿಮಾನದಲ್ಲಿ ಎಟಿಆರ್ ತರ ಎರಡೆರಡೇ ಸೀಟು, ಆದ್ರೆ ರೆಕ್ಕೆ ಕೆಳಗಿರೋದ್ರಿಂದ ಸಾಲಿನ ಲೆಕ್ಕ ಜೆಟ್ಟಿನದೇ.

ಬೆಂಗಳೂರು–ದೆಹಲಿ ಬೆಳಗಿನ ವಿಮಾನಕ್ಕೆ ಎಡಗಡೆ ಎ, ಉತ್ತರಕ್ಕೆ ಹೋಗೋದು, ಸೂರ್ಯ ಬಲಗಡೆ. ಹತ್ತಿ ಹತ್ತು ಹದಿನೈದು ನಿಮಿಷಕ್ಕೆ ಪಾವಗಡದ ಸೋಲಾರ್ ಪಾರ್ಕ್ ಕಡೆ ಕಣ್ಣಿಡ್ರಿ, 13,000 ಎಕರೆ, 2,050 ಮೆಗಾವ್ಯಾಟು, ಕೆಂಪು ನೆಲದ ಮೇಲೆ ಕಪ್ಪು ನೀಲಿ ಚೌಕಗಳು. ಬರದ ಸೀಮೆ ಅಂತ ಹೆಸರಾದ ಜಾಗದಲ್ಲಿ ಇದು ಒಂದು ಕ್ಷಣ ನೀರು ತುಂಬಿದ ಕೆರೆ ಅನ್ನಿಸ್ತತೆ. ಆಮೇಲೆ ಕೃಷ್ಣಾ, ಗೋದಾವರಿ, ನರ್ಮದೆ ಬಿಟ್ರೆ ನಡುವೆ ನಿದ್ದೆ ಮಾಡಬಹುದು.

ಆದ್ರೆ ದೆಹಲಿಯಿಂದ ಬಾಗ್ಡೋಗ್ರಾಕ್ಕೆ ಹೋಗೋ ವಿಮಾನದಲ್ಲಿ ನಿದ್ದೆ ಮಾಡಿದ್ರೆ ನಿಮ್ಮ ಕರ್ಮ. ಡಾರ್ಜಿಲಿಂಗ್, ಸಿಕ್ಕಿಂಗೆ ಹೋಗೋಕೆ ಇಳಿಯೋ ಏರ್‌ಪೋರ್ಟ್ ಅದು, ನಮ್ಮ ಕಡೆಯಿಂದ ಅಲ್ಲಿಗೆ ಟೂರ್ ಹೋಗೋ ಜನ ಬಹಳ, ಪ್ಯಾಕೇಜ್‌ನೋರು ಟಿಕೆಟ್ ಮಾಡ್ಸಿಬಿಡ್ತಾರೆ, ಸೀಟು ಎಲ್ಲಿ ಅಂತ ಯಾರೂ ಕೇಳಲ್ಲ. ವಿಮಾನ ಪೂರ್ವಕ್ಕೆ ಹೋಗ್ತತೆ, ಹಿಮಾಲಯ ಉತ್ತರಕ್ಕೆ, ಅಂದ್ರೆ ಎಡಗಡೆ, ಎ ಸೀಟು. ಸೂರ್ಯ ದಕ್ಷಿಣಕ್ಕೆ ಇರೋದ್ರಿಂದ ಬೆಳಕೆಲ್ಲ ಹಿಮದ ಮುಖದ ಮೇಲೆ ಬೀಳ್ತತೆ, ನಿಮ್ಮ ಕಣ್ಣಿಗೆ ಹೊಡೆಯಲ್ಲ. ಶಿವಮೊಗ್ಗ ವಿಮಾನದ್ದೇ ಲೆಕ್ಕ ನೋಡ್ರಿ, ಅಲ್ಲಿ ಸೂಳೆಕೆರೆ, ಇಲ್ಲಿ ಎವರೆಸ್ಟು, ಸೀಟು ಮಾತ್ರ ಅದೇ ಎ. ಅಕ್ಟೋಬರ್ ನವೆಂಬರ್‌ನ ತಿಳಿ ದಿನ ಆದ್ರೆ ನೇಪಾಳದ ಸಾಲು ಬಹಳ ಹೊತ್ತು ಜೊತೆಗೇ ಬರ್ತತೆ, ಮೊದ್ಲು ಮೋಡ ಅನ್ಕೋತೀರಿ, ಮೋಡ ಅಲ್ಲಾಡ್ತತೆ ಇದು ಅಲ್ಲಾಡಲ್ಲ, ಆಗ ತಿಳೀತತೆ. ಧವಳಗಿರಿ 8,167 ಮೀಟರು, ಎವರೆಸ್ಟು 8,849, ಇಳಿಯೋ ಹೊತ್ತಿಗೆ ಕಾಂಚನಜುಂಗಾ 8,586. ನೀವೂ ಹತ್ರಹತ್ರ ಹತ್ತೂವರೆ ಸಾವಿರ ಮೀಟರ್ ಎತ್ತರದಲ್ಲೇ ಇರ್ತೀರಿ, ಹಾಗಾಗಿ ಕತ್ತೆತ್ತಿ ನೋಡೋದಿಲ್ಲ, ನೇರ ಎದುರಿಗೇ ನೋಡೋದು. ಬರುವಾಗ ಎಫ್, ಮರೀಬೇಡ್ರಿ. ಲೇಹ್‌ಗೆ ಹೋಗೋರಿಗೆ ಎರಡೂ ಕಡೆ ಹಿಮನೇ, ಅಲ್ಲಿಗೆ ಬಹುತೇಕ ವಿಮಾನ ಬೆಳಿಗ್ಗೆನೇ ಹೋಗೋದು, ಸೂರ್ಯ ಬಲಗಡೆ, ಅದಕ್ಕೆ ಎಡ. ಲೇಹ್, ಶ್ರೀನಗರದಂಥ ಸೇನೆಯ ಏರ್‌ಪೋರ್ಟಲ್ಲಿ ಇಳಿಯುವಾಗ ಏರುವಾಗ ಫೋಟೋ ತೆಗೆಯಂಗಿಲ್ಲ, ಕಿಟಕಿ ಮುಚ್ಚಿ ಅಂದ್ರೆ ಮುಚ್ಚಿಬಿಡ್ರಿ, ವಾದ ಬೇಡ.

ಮಳೆಗಾಲದಲ್ಲಿ ಕೆಳಗೆ ಬರೀ ಮೋಡ, ಕಿಟಕಿಗೆ ದುಡ್ಡು ದಂಡ ಅಂತಾರೆ. ಆಗಲೂ ಸೂರ್ಯ ಇಲ್ಲದ ಕಡೆ ಕೂತಿದ್ರೆ ಒಂದು ಮಜಾ ಸಿಗ್ತತೆ, ಮೋಡದ ಮೇಲೆ ನಿಮ್ಮ ವಿಮಾನದ್ದೇ ನೆರಳು, ಅದರ ಸುತ್ತ ಕಾಮನಬಿಲ್ಲಿನ ಬಣ್ಣದ ದುಂಡನೆ ಉಂಗುರ. ಗ್ಲೋರಿ ಅಂತಾರೆ ಅದಕ್ಕೆ, ಮೋಡದ ಹನಿಗಳು ಬೆಳಕನ್ನ ಬಂದ ದಿಕ್ಕಿಗೇ ವಾಪಸ್ ಕಳಿಸೋದ್ರಿಂದ ಆಗೋದು. ಸೂರ್ಯನ ಕಡೆ ಕೂತೋರಿಗೆ ಇದು ಯಾವತ್ತೂ ಕಾಣಲ್ಲ.

ಫೋಟೋ ತೆಗೆಯೋರಿಗೆ ಎರಡು ಮಾತು. ಕಿಟಕಿ ಮೇಲೆ ಹಿಂದಿನೋರ ತಲೆ ಎಣ್ಣೆ ಗುರುತು ಇದ್ದೇ ಇರ್ತತೆ, ಒಂದು ಮೆತ್ತನೆ ಬಟ್ಟೆ ಇಟ್ಕೊಳ್ರಿ. ಮೊಬೈಲನ್ನ ಗಾಜಿನ ಹತ್ರ ತನ್ನಿ, ತಾಗಿಸ್ಬೇಡ್ರಿ, ನಡುಗ್ತತೆ, ಮೇಲೆ ಕಪ್ಪು ಶಾಲೋ ಕರ್ಚೀಫೋ ಮರೆ ಮಾಡಿದ್ರೆ ಒಳಗಿನ ಲೈಟಿನ ಪ್ರತಿಬಿಂಬ ಬರಲ್ಲ. ಪೋಲರೈಸರ್ ಫಿಲ್ಟರ್ ಹಾಕಿದ್ರೆ ಪ್ಲಾಸ್ಟಿಕ್ ಕಿಟಕಿ ಮೇಲೆಲ್ಲ ಬಣ್ಣದ ಪಟ್ಟೆ ಬರ್ತವೆ, ಬ್ಯಾಗಲ್ಲೇ ಇರ್ಲಿ. ಕಿಟಕಿ ಕೆಳಭಾಗದಲ್ಲಿ ಸೂಜಿ ತೂತಿನಷ್ಟು ಒಂದು ತೂತು ಇರ್ತತೆ, ಯಾರೋ ಚುಚ್ಚಿದ್ದಾರೆ ಅಂತ ಗಾಬರಿ ಬೇಡ, ಗಾಳಿ ಒತ್ತಡ ಹೊರಗಿನ ಪದರಕ್ಕೆ ಬೀಳ್ಲಿ ಅಂತ, ತೇವ ಕಟ್ಟದಿರ್ಲಿ ಅಂತ ಕಂಪನಿಯೋರೇ ಬಿಟ್ಟಿರೋದು. ಎತ್ತರದಲ್ಲಿ ಅದರ ಸುತ್ತ ಹಿಮದ ಎಳೆಗಳು ಅರಳಿ ಕೂತ್ಕೊಳ್ತವೆ, ಆಚೆ ಏನೂ ಕಾಣದೇ ಇದ್ದಾಗ ನಾನು ಅದನ್ನೇ ನೋಡ್ತಾ ಕೂರ್ತೀನಿ.

ರೇಟಿಂಗ್: ಶಿವಮೊಗ್ಗ–ಬೆಂಗಳೂರು ಎಟಿಆರ್, ಎ ಸೀಟು, ಹಿಂದಿನ ಸಾಲು, ನವೆಂಬರ್, ಐದಕ್ಕೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ಸದ್ದಿಗೆ. ಅದೇ ವಿಮಾನ ಎಫ್ ಸೀಟು ಮೂರು. ದೆಹಲಿ–ಬಾಗ್ಡೋಗ್ರಾ ಎ ಸೀಟು ತಿಳಿ ದಿನದಲ್ಲಿ ಐದಕ್ಕೆ ಐದು, ಮಬ್ಬು ದಿನ ಆದ್ರೆ ಎರಡು. ಸೀಟು ಆರಿಸೋಕೆ ಕೊಡೋ ಆ ಕೆಲವು ನೂರು ರೂಪಾಯಿ ಹಿಮಾಲಯಕ್ಕೆ ಕೊಡ್ರಿ, ಎಟಿಆರ್‌ಗೆ ಹಿಂದಿನ ಸಾಲೇ ಸಾಕಾಗಿರೋದ್ರಿಂದ ಅಷ್ಟು ಕೊಡೋದೇ ಬೇಕಾಗಲ್ಲ, ಬೆಂಗಳೂರು–ದೆಹಲಿ ರಾತ್ರಿ ವಿಮಾನಕ್ಕಂತೂ ಕೊಡಲೇಬೇಡ್ರಿ. ಹೊರಡೋ ಹಿಂದಿನ ರಾತ್ರಿ ಸೀಟ್ ಮ್ಯಾಪ್ ಇನ್ನೊಂದ್ಸಲ ತೆಗೆದು ನೋಡ್ರಿ, ಕೆಲವೊಮ್ಮೆ ಕೊನೇ ಗಳಿಗೆಲಿ ವಿಮಾನದ ಮಾಡೆಲ್ ಬದಲಾಗಿರ್ತತೆ, ಆಗ ನೀವು ಆರಿಸಿದ ಸಾಲು ರೆಕ್ಕೆ ಮೇಲೆ ಹೋಗಿ ಕೂತಿರ್ತತೆ, ಖಾಲಿ ಸೀಟು ಇದ್ರೆ ಅಲ್ಲೇ ಬದಲಾಯಿಸ್ಕೊಳ್ರಿ.